ಮೋಟಾರಿನ ಬ್ರೇಕೂ ಮನೆಯ ಯಜಮಾನನೂ

ಹೊಸದಾಗಿ ಕಾರು ಕೊಂಡವರ ಮನೆಗೆ ನೋಡಲು ಹೋದವರು ಸಾಮಾನ್ಯವಾಗಿ ಕೇಳತಕ್ಕ ಪ್ರಶ್ನೆಗಳು ಮೂರು: ಬೆಲೆ ಎಷ್ಟಾಯಿತು, ಒಂದು ಲೀಟರು ಪೆಟ್ರೋಲಿಗೆ ಎಷ್ಟು ದೂರ ಹೋಗುವುದು, ಎಷ್ಟು ವೇಗವಾಗಿ ಓಡುವುದು. ಓಡುತ್ತಿರುವ ಆ ಗಾಡಿ ಬೇಕೆಂದಾಗ ನಿಲ್ಲುವುದು ಯಾವುದರ ಬಲದಿಂದ, ಆ ಬಲವು ಎಷ್ಟು ಕಾಲ ಉಳಿಯುವುದು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಕೊಂಡವರೂ ಅದನ್ನು ತಾವಾಗಿ ಹೇಳುವುದಿಲ್ಲ. ಬ್ರೇಕು ಇದ್ದೇ ಇರುವುದೆಂದು ಎಲ್ಲರೂ ನಂಬಿರುತ್ತಾರೆ.

ಜಗಳೂರು ತಾಲ್ಲೂಕಿನ ನಮ್ಮ ಬಿಳಿಚೋಡಿನ ಸುತ್ತಿನ ರಸ್ತೆಗಳನ್ನು ಬಲ್ಲವರಿಗೆ ಈ ನಂಬಿಕೆಯ ಮೇಲೆ ಎಷ್ಟು ಭಾರ ಬಿದ್ದಿದೆಯೆಂಬುದು ತಿಳಿದಿರುವುದು. ಸುಗ್ಗಿಯ ಕಾಲದಲ್ಲಿ ರಸ್ತೆಯ ಅರ್ಧಭಾಗದಲ್ಲಿ ಮೆಕ್ಕೆಜೋಳವನ್ನು ಹರವಿರುತ್ತಾರೆ. ಅದರ ಅಂಚಿಗೆ ಸಾಲುಗಲ್ಲುಗಳನ್ನಿಟ್ಟಿರುತ್ತಾರೆ. ಪಕ್ಕದಲ್ಲಿ ಮುದುಕಿಯೊಬ್ಬಳು ಕಾವಲು ಕುಳಿತಿರುತ್ತಾಳೆ. ಕುರಿಮಂದೆ ಯಾವ ತಿರುವಿನಲ್ಲಿ ಅಡ್ಡ ಬರುವುದೆಂದು ಹೇಳಲಾಗದು. ಶಾಲೆ ಬಿಟ್ಟ ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ರಸ್ತೆಯ ನಡುವೆಯೇ ನಡೆದು ಬರುತ್ತಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮಕ್ಕಳಿಗೆ ಪಾಠ ಹೇಳಿದವನಾದ ನನಗೆ ಅವರ ಆ ನಡಿಗೆಯನ್ನು ತಿದ್ದಲಾಗಲಿಲ್ಲ. ರಂಗಯ್ಯನದುರ್ಗದ ಕಡೆಗೆ ಹೋದರೆ 2011ರಲ್ಲಿ ಕೊಂಡುಕುರಿಗಳಿಗಾಗಿ ಅಭಯಾರಣ್ಯವೆಂದು ಘೋಷಿಸಲ್ಪಟ್ಟ ಕಾಡು ಉಂಟು. ಅಲ್ಲಿಯ ಮೃಗಗಳಿಗೆ ರಸ್ತೆಯ ನಿಯಮ ತಿಳಿಯದು. ಇವರೆಲ್ಲರ ಪ್ರಾಣವೂ ಚಾಲಕನ ಕಾಲಿನ ಕೆಳಗಿರುವ ಒಂದು ಪೆಡಲಿಗೂ, ಮುಂದಿನ ಗಾಲಿಗಳೊಳಗೆ ಕಾಣದಂತೆ ಕುಳಿತಿರುವ ಒಂದಿಷ್ಟು ಸವೆಯುವ ಪದಾರ್ಥಕ್ಕೂ ಸೇರಿದ್ದಾಗಿದೆ.

ಕಾನೂನು ಕೂಡ ಇದನ್ನು ಗಮನಿಸಿದೆ. 1988ರ ಮೋಟಾರು ವಾಹನಗಳ ಅಧಿನಿಯಮದ 190ನೆಯ ಪ್ರಕರಣವು, ಅಪಾಯಕಾರಿಯಾದ ದೋಷವುಳ್ಳ ಗಾಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದನ್ನು ಅಪರಾಧವೆಂದು ಹೇಳುತ್ತದೆ. ದೋಷವನ್ನು ತಿಳಿದೂ ಓಡಿಸಿದವನು ಮಾತ್ರವೇ ಅಪರಾಧಿಯಲ್ಲ; ಸಾಮಾನ್ಯವಾದ ಎಚ್ಚರಿಕೆಯಿಂದ ಆ ದೋಷವನ್ನು ಕಂಡುಕೊಳ್ಳಬಹುದಾಗಿದ್ದವನೂ ಅಪರಾಧಿಯೇ. ‘ನನಗೆ ತಿಳಿದಿರಲಿಲ್ಲ’ ಎಂಬುದು ಇಲ್ಲಿ ಪೂರ್ಣವಾದ ಉತ್ತರವಾಗಲಾರದು. ಆದಕಾರಣ ಈ ಲೇಖನದಲ್ಲಿ ನಾನು ಹೇಳಬಯಸುವುದು ಇಷ್ಟು: ಗಾಡಿಯುಳ್ಳ ಪ್ರತಿಯೊಬ್ಬ ಗೃಹಸ್ಥನೂ ತನ್ನ ಬ್ರೇಕನ್ನು ಕಣ್ಣಿನಿಂದ ನೋಡಬಲ್ಲವನಾಗಬೇಕು. ಅದನ್ನು ಕೈಯಿಂದ ಬಿಚ್ಚಿ ಕಟ್ಟುವುದು ಅವರವರ ಇಷ್ಟಕ್ಕೂ ಯೋಗ್ಯತೆಗೂ ಸೇರಿದ್ದು. ಆ ಯೋಗ್ಯತೆ ಯಾವುದೆಂಬುದನ್ನೂ ಮುಂದೆ ವಿವರಿಸುವೆನು.

ಮೊದಲು ಯಂತ್ರದ ರಚನೆ. ಅಡಿಗೆಮನೆಯ ಇಕ್ಕಳವನ್ನು ನೆನಪಿಗೆ ತಂದುಕೊಳ್ಳಿರಿ. ತಿರುಗುತ್ತಿರುವ ಒಂದು ತಟ್ಟೆಯ ಅಂಚನ್ನು ಇಕ್ಕಳದಿಂದ ಎರಡು ಕಡೆಯಿಂದಲೂ ಒತ್ತಿ ಹಿಡಿದರೆ ತಟ್ಟೆ ನಿಲ್ಲುವುದಷ್ಟೆ? ಗಾಲಿಯ ಜೊತೆಗೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೇ ಡಿಸ್ಕು. ಅದನ್ನು ಹಿಡಿಯುವ ಇಕ್ಕಳಕ್ಕೆ ಕ್ಯಾಲಿಪರ್ ಎಂದು ಹೆಸರು. ಇಕ್ಕಳದ ಎರಡು ತುದಿಗಳಲ್ಲಿಯೂ ಉಕ್ಕಿನ ಹಲಗೆಗೆ ಅಂಟಿಸಿದ ಒರಟಾದ ಪದಾರ್ಥವೊಂದಿರುವುದು; ಅದೇ ಪ್ಯಾಡು. ‘ಘೃಷ್’ ಎಂಬ ಧಾತುವಿನಿಂದ ಇದಕ್ಕೆ ‘ಘರ್ಷಣಫಲಕ’ ಎಂಬ ಹೆಸರನ್ನು ನಾನು ಕಟ್ಟಿದ್ದೆ. ನನ್ನ ತಮ್ಮನ ಮಗ ಕೇಳಿ ನಕ್ಕು, “ದೊಡ್ಡಪ್ಪ, ಅಂಗಡಿಗೆ ಹೋಗಿ ಘರ್ಷಣಫಲಕ ಕೊಡ್ರಿ ಅಂದ್ರೆ ಗಂಧ ತೇಯೋ ಸಾಣೆಕಲ್ಲು ಕೊಟ್ಟು ಕಳಿಸ್ತಾರೆ” ಎಂದ. ಹೋಲಿಕೆಯೇನೋ ತಪ್ಪಲ್ಲ. ಗಂಧದ ಕೊರಡಿನಂತೆ ಪ್ಯಾಡು ತಾನು ಸವೆದು ಕೆಲಸ ಮಾಡುತ್ತದೆ. ಆದರೂ ಜನರ ಬಾಯಲ್ಲಿರುವ ಮಾತನ್ನೇ ಇಲ್ಲಿ ಬಳಸುವೆನು.

ಕಾಲಿನ ಒತ್ತಡ ಗಾಲಿಯವರೆಗೆ ಹೋಗುವುದು ದ್ರವದ ಮೂಲಕ. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಪಾಸ್ಕಲನು ಸಿದ್ಧಪಡಿಸಿದ. ಪೆಡಲಿನ ಬಳಿಯ ಸಣ್ಣ ಕೊಳವೆಯಲ್ಲಿ ಹುಟ್ಟಿದ ಒತ್ತಡವು ಗಾಲಿಯ ಬಳಿಯಲ್ಲಿ ನಾಲ್ಕರಷ್ಟು ವಿಸ್ತೀರ್ಣದ ಪಿಸ್ಟನ್ನನ್ನು ತಳ್ಳಿದರೆ ಬಲವೂ ನಾಲ್ಕರಷ್ಟಾಗುವುದು. ಸಾಮಾನ್ಯವಾದ ಸಣ್ಣ ಕಾರುಗಳಲ್ಲಿ ಪಿಸ್ಟನ್ನು ಒಳಗಡೆ ಒಂದೇ ಇರುತ್ತದೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದೊಡನೆ ಕ್ಯಾಲಿಪರಿನ ಇಡೀ ದೇಹವು ಎರಡು ನುಣುಪಾದ ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ, ಹೊರಗಿನ ಪ್ಯಾಡನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಈ ಜಾರುವ ಪಿನ್ನುಗಳನ್ನು ವಾಚಕರು ಮರೆಯಬಾರದು; ನಮ್ಮ ಕಡೆಯ ಕೆಂಪು ಧೂಳಿಗೂ ಅವುಗಳಿಗೂ ಹಗೆತನವುಂಟು.

ನಿಲ್ಲಿಸುವುದೆಂದರೆ ಗಾಡಿಯ ವೇಗವನ್ನು ಶಾಖವನ್ನಾಗಿ ಮಾರ್ಪಡಿಸುವುದು. ಎಷ್ಟು ಶಾಖ? ಜನರೂ ಸಾಮಾನೂ ಸೇರಿ 1000 ಕಿಲೋ ತೂಗುವ ಕಾರೊಂದು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಹೋಗುತ್ತಿದ್ದು ಒಮ್ಮೆ ನಿಂತರೆ, ಅದರಿಂದ ಹುಟ್ಟುವ ಶಾಖವು ಮುಕ್ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ತಣ್ಣೀರನ್ನು ಕುದಿಯುವ ಹದಕ್ಕೆ ತರಬಲ್ಲುದು. 40ರ ವೇಗದಲ್ಲಿದ್ದರೆ ಇದರ ಕಾಲುಭಾಗ ಮಾತ್ರ. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುವುದು. ಇನ್ನು ಘಟ್ಟ ಇಳಿಯುವುದನ್ನು ನೋಡಿರಿ. ನಮ್ಮವರು ಉಡುಪಿಗೆ ಹೋಗುವಾಗ ಹದಿನಾಲ್ಕು ಸುತ್ತುತಿರುವುಗಳ ಆಗುಂಬೆಯ ಘಟ್ಟವನ್ನು ಇಳಿಯುವುದುಂಟು. ಅದೇ ಕಾರು 500 ಮೀಟರು ಎತ್ತರದಿಂದ ಕೇವಲ ಬ್ರೇಕನ್ನೇ ನಂಬಿ ಇಳಿಯಿತೆಂದರೆ, 80ರ ವೇಗದಿಂದ ಇಪ್ಪತ್ತು ಸಲ ನಿಂತಷ್ಟು ಶಾಖವು ಆ ತಟ್ಟೆಗಳೊಳಕ್ಕೆ ಸೇರುವುದು. ಒಂದು ಹಂಡೆಯ ತಳದ ನೀರನ್ನು ಕಾಯಿಸುವ ಉರಿ ಅದು. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಹಾಕಿಕೊಂಡು ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯಬೇಕೆಂದು ಹಿರಿಯ ಚಾಲಕರು ಹೇಳುವುದರ ಅರ್ಥ ಇದೇ.

ಡಿಸ್ಕನ್ನು ಬೀಡು ಕಬ್ಬಿಣದಿಂದ ಮಾಡುವುದಕ್ಕೂ ಇದೇ ಕಾರಣ. ಆ ಎರಕದೊಳಗೆ ಇಂಗಾಲವು ಸಣ್ಣ ಸಣ್ಣ ಹಾಳೆಗಳಂತೆ ಹರಡಿಕೊಂಡಿರುವುದರಿಂದ ಶಾಖವು ಬೇಗ ಹಬ್ಬಿ ಹೊರಟುಹೋಗುತ್ತದೆ. ಲೇತಿನ ಮೇಲೆ ತಿರುವುವುದೂ ಸುಲಭ. ಲೇತೆಂದೊಡನೆ ನಮ್ಮ ನೆರೆಯ ಹರಿಹರ ನೆನಪಾಗುವುದು. 1941ರಲ್ಲಿ ಅಲ್ಲಿ ಆರಂಭವಾಗಿ, ಈಗ ಬಾಗಿಲು ಮುಚ್ಚಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳನ್ನು ಈ ಸೀಮೆಯ ಹಳೆಯ ಕೆಲಸಗಾರರು ಇಂದಿಗೂ ಹೆಸರಿಟ್ಟು ಹೊಗಳುತ್ತಾರೆ.

ತಟ್ಟೆಯ ಬ್ರೇಕು ಹೊಸ ಸಂಗತಿಯಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬಾತನು 1902ರಲ್ಲಿಯೇ ಇದಕ್ಕೆ ಸ್ವಾಮ್ಯಪತ್ರವನ್ನು ಪಡೆದಿದ್ದ. ಆದರೆ 1953ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬ ಊರಿನ 24 ಗಂಟೆಗಳ ಪಂದ್ಯವನ್ನು ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಗಾಡಿಯು ಗೆದ್ದ ಮೇಲೆಯೇ ಲೋಕದ ಕಣ್ಣು ಅದರ ಮೇಲೆ ಚೆನ್ನಾಗಿ ಬಿದ್ದಿತು. ನಮ್ಮ ದೇಶದಲ್ಲಿ 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಕಾರಿಗೆ ಬಹುಕಾಲ ನಾಲ್ಕು ಗಾಲಿಗಳಿಗೂ ಡ್ರಮ್ಮಿನ ಬ್ರೇಕೇ ಇತ್ತು. ಈಗಿನ ಸಣ್ಣ ಕಾರುಗಳಲ್ಲಿ ಮುಂದಕ್ಕೆ ಡಿಸ್ಕು, ಹಿಂದಕ್ಕೆ ಡ್ರಮ್ಮು ಇರುವುದೇ ವಾಡಿಕೆ. ಬಸ್ಸು ಗಕ್ಕನೆ ನಿಂತಾಗ ಪ್ರಯಾಣಿಕರೆಲ್ಲ ಮುಂದಕ್ಕೆ ವಾಲುವುದಿಲ್ಲವೆ? ಹಾಗೆಯೇ ಗಾಡಿಯ ಭಾರವೂ ಮುಂದಿನ ಗಾಲಿಗಳ ಮೇಲೆ ಬೀಳುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನವುಗಳದೇ. ನಾನು ಬರೆಯುತ್ತಿರುವುದು ಈ ಮುಂದಿನ ಡಿಸ್ಕುಗಳನ್ನು ಕುರಿತು ಮಾತ್ರ.

ಈಗ ನೋಡುವ ಕ್ರಮ. ಅನೇಕ ಕಾರುಗಳಲ್ಲಿ ಗಾಲಿಯ ತೂತುಗಳ ಮೂಲಕವೇ, ಒಂದು ಟಾರ್ಚಿನ ಸಹಾಯದಿಂದ, ಹೊರಗಿನ ಪ್ಯಾಡು ಕಾಣುವುದು. ಹೊಸದರಲ್ಲಿ ಉಜ್ಜುವ ಪದಾರ್ಥ ಸುಮಾರು 10 ಮಿಲಿಮೀಟರು ದಪ್ಪವಿರುವುದು. ಅದು 3 ಮಿಲಿಮೀಟರಿಗೆ ಬಂದಿತೆಂದರೆ ಬದಲಿಸುವ ಕಾಲ ಬಂದಿತೆಂದೇ ತಿಳಿಯಬೇಕು. ಕೆಲವು ಪ್ಯಾಡುಗಳಿಗೆ ತೆಳುವಾದ ಲೋಹದ ನಾಲಗೆಯೊಂದನ್ನು ಇಟ್ಟಿರುತ್ತಾರೆ. ಪದಾರ್ಥ ಸವೆದಾಗ ಅದು ಡಿಸ್ಕಿಗೆ ತಗುಲಿ ಕೀರಲು ಧ್ವನಿ ಮಾಡುತ್ತದೆ. ಆ ಧ್ವನಿಯನ್ನು ಕೇಳಿ ಟೇಪ್ ರಿಕಾರ್ಡರಿನ ಸದ್ದನ್ನು ಹೆಚ್ಚಿಸುವ ಜನರೂ ಇದ್ದಾರೆ. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟವು ನಿಧಾನವಾಗಿ ಇಳಿಯುವುದೂ ಪ್ಯಾಡು ಸವೆದಿರುವುದಕ್ಕೆ ಒಂದು ಗುರುತು; ಒಮ್ಮೆಗೇ ಇಳಿದರೆ ಎಲ್ಲಿಯೋ ಸೋರುತ್ತಿದೆಯೆಂದು ಅರ್ಥ, ಆಗ ಗಾಡಿಯನ್ನು ಓಡಿಸಲೇಬಾರದು.

ಡಿಸ್ಕಿನ ವಿಷಯದಲ್ಲಿ ನೋಡತಕ್ಕದ್ದು ಬೇರೆ. ಅದರ ಅಂಚಿನಲ್ಲಿ ಬೆರಳಿಗೆ ಸಿಕ್ಕುವಂತಹ ಏಣು ಎದ್ದಿರುವುದೆ, ಮುಖದ ಮೇಲೆ ನೇಗಿಲ ಸಾಲಿನಂತಹ ಗೆರೆಗಳು ಬಿದ್ದಿವೆಯೆ, ಕೂದಲೆಳೆಯಂತಹ ಬಿರುಕುಗಳುಂಟೆ ಎಂದು ನೋಡಬೇಕು. ಎಷ್ಟು ತೆಳುವಾಗುವವರೆಗೆ ಬಳಸಬಹುದೆಂಬ ಅಳತೆಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ತೆಳುವಾದ ತಟ್ಟೆಯು ಶಾಖವನ್ನು ತಾಳಲಾರದೆ ಸೊಟ್ಟಗಾಗುವುದು, ಕೊನೆಗೆ ಒಡೆಯಲೂಬಹುದು. ಡಿಸ್ಕು ಚೆನ್ನಾಗಿದ್ದರೆ ಪ್ಯಾಡುಗಳನ್ನು ಮಾತ್ರ ಬದಲಿಸಿದರೆ ಸಾಕು. ಗೆರೆಬಿದ್ದ ಹಳೆಯ ತಟ್ಟೆಗೆ ಹೊಸ ಪ್ಯಾಡು ಕಟ್ಟಿದರೆ ಅದು ಏಣುಗಳ ಮೇಲೆ ಮಾತ್ರ ಒರಗಿ ಅರ್ಧ ಬಲವನ್ನಷ್ಟೇ ಕೊಡುವುದು. ಏನೇ ಬದಲಿಸಿದರೂ ಎಡಬಲ ಎರಡು ಗಾಲಿಗಳಿಗೂ ಜೊತೆಯಾಗಿಯೇ ಬದಲಿಸಬೇಕು. ಇಲ್ಲದಿದ್ದರೆ ತುಳಿದಾಗ ಗಾಡಿ ಒಂದು ಕಡೆಗೆ ಎಳೆಯುವುದು.

ಕೆಲಸವನ್ನು ಮೆಕ್ಯಾನಿಕ್ಕನಿಂದಲೇ ಮಾಡಿಸುವವರು ಒಂದು ರೂಢಿಯನ್ನು ಇಟ್ಟುಕೊಳ್ಳಲಿ: ಬಿಚ್ಚಿದ ಹಳೆಯ ಪ್ಯಾಡುಗಳನ್ನು ಕೇಳಿ ತೆಗೆದುಕೊಂಡು ನೋಡಬೇಕು. ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಒಳ್ಳೆಯ ಕೆಲಸಗಾರನು ತಾನೇ ತಂದು ತೋರಿಸುತ್ತಾನೆ. ಒಳಗಿನ ಪ್ಯಾಡು ಪೂರ್ಣ ಸವೆದು ಹೊರಗಿನದು ದಪ್ಪವಾಗಿಯೇ ಉಳಿದಿದ್ದರೆ ಜಾರುವ ಪಿನ್ನುಗಳು ಹಿಡಿದುಕೊಂಡಿವೆಯೆಂದು ತಿಳಿಯುವುದು. ಹಾಗಿರುವಾಗ ಬರಿಯ ಪ್ಯಾಡು ಬದಲಿಸಿ ಹಣ ತೆಗೆದುಕೊಂಡರೆ ರೋಗವನ್ನು ಬಿಟ್ಟು ಬೆವರನ್ನು ಒರೆಸಿದಂತಾಯಿತು.

ತನ್ನ ಕೈಯಿಂದಲೇ ಮಾಡುವೆನೆಂಬವನಿಗೆ ಬೇಕಾದ ಯೋಗ್ಯತೆಯು ಬಲವಲ್ಲ, ಜಾಣತನವೂ ಅಲ್ಲ. ಪ್ರತಿಯೊಂದು ಹೆಜ್ಜೆಯನ್ನೂ ಏಕೆ ಇಡುತ್ತಿದ್ದೇನೆಂದು ಹೇಳಬಲ್ಲವನಾಗಿರುವುದು, ಮತ್ತು ಹೇಳಲಾರದ ಕಡೆ ಕೈ ನಿಲ್ಲಿಸುವುದು. ಮೊದಲನೆಯ ಸಲವಂತೂ ಈ ಕೆಲಸವನ್ನು ಮಾಡಿ ತಿಳಿದವನೊಬ್ಬನು ಪಕ್ಕದಲ್ಲಿರಲೇಬೇಕು. ನನ್ನ ತಮ್ಮನ ಮಗನು ತನ್ನ ಹಳೆಯ ಸಣ್ಣ ಕಾರಿಗೆ ಡಿಸ್ಕುಗಳನ್ನೂ ಪ್ಯಾಡುಗಳನ್ನೂ ಬಿಳಿಚೋಡಿನ ನಮ್ಮ ಮನೆಯ ಅಂಗಳದಲ್ಲಿಯೇ ಬದಲಿಸಿದಾಗ, ಲಾರಿ ಕೆಲಸದಲ್ಲಿ ಮುದುಕನಾದ ನೆರೆಮನೆಯ ಮೇಸ್ತ್ರಿಯನ್ನು ಕರೆದು ಕುರ್ಚಿ ಹಾಕಿ ಕೂರಿಸಿಕೊಂಡಿದ್ದ. ತಯಾರಕರ ಕೈಪಿಡಿಯನ್ನು ಓದಿ ಹೇಳುವ ಕೆಲಸ ನನ್ನದು. ಒಂದು ಭಾನುವಾರದ ಬೆಳಗಿನ ಏಳರಿಂದ ಹನ್ನೊಂದೂವರೆಯವರೆಗೆ ಹಿಡಿಯಿತು. ಮೇಸ್ತ್ರಿಯೊಬ್ಬನೇ ಆಗಿದ್ದರೆ ಒಂದು ಗಂಟೆಯ ಕೆಲಸವಂತೆ. ಅದೇನೇ ಇರಲಿ, ಅವಸರವಿಲ್ಲದಿರುವುದೇ ಗೃಹಸ್ಥನಿಗಿರುವ ಒಂದು ಅನುಕೂಲ.

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಗೇರಿನಲ್ಲಿಟ್ಟು, ಕೈಬ್ರೇಕು ಎಳೆದು, ಹಿಂದಿನ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಟ್ಟರು. ಗಾಲಿಯ ನಟ್ಟುಗಳನ್ನು ಗಾಡಿ ಎತ್ತುವ ಮೊದಲೇ ಸ್ವಲ್ಪ ಸಡಿಲಿಸಬೇಕು. ಎತ್ತಿದ ಮೇಲೆ ಜಗ್ಗಿದರೆ ಗಾಡಿಯೇ ಅಲುಗುವುದು. ಜಾಕು ಎತ್ತುವುದಕ್ಕೆ ಮಾತ್ರ ಇರುವ ಸಾಧನ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಕೂಡಲೇ ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲಿ ಉಕ್ಕಿನ ಸ್ಟ್ಯಾಂಡನ್ನು ಕೊಡಬೇಕು. ಇಟ್ಟಿಗೆ, ಟೊಳ್ಳು ಸಿಮೆಂಟಿನ ಕಲ್ಲು ಇವುಗಳನ್ನು ಎಂದಿಗೂ ಕೊಡಬಾರದು. ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುವುವು. ಬಿಚ್ಚಿದ ಗಾಲಿಯನ್ನು ಗಾಡಿಯ ಅಡಿಗೆ ಮಲಗಿಸಿಡುವಂತೆ ಮೇಸ್ತ್ರಿ ಹೇಳಿದ. ಎಲ್ಲವೂ ಕೈಕೊಟ್ಟರೂ ಗಾಡಿ ಅದರ ಮೇಲೆ ಬೀಳುವುದೇ ಹೊರತು ಮನುಷ್ಯನ ಮೇಲಲ್ಲ.

ಎರಡು ಕಡೆಯನ್ನೂ ಒಟ್ಟಿಗೇ ಬಿಚ್ಚಬಾರದೆಂಬುದು ಮೇಸ್ತ್ರಿಯ ಇನ್ನೊಂದು ಕಟ್ಟುನಿಟ್ಟು. ಒಂದು ಕಡೆ ಮುಗಿಯುವವರೆಗೆ ಇನ್ನೊಂದು ಕಡೆ ಇದ್ದಂತೆಯೇ ಇದ್ದರೆ, ಯಾವ ಕ್ಲಿಪ್ಪು ಎಲ್ಲಿಗೆಂಬ ಸಂದೇಹ ಬಂದಾಗ ಹೋಗಿ ನೋಡಬಹುದು. ನಿಘಂಟು ಪಕ್ಕದಲ್ಲಿದ್ದ ಹಾಗೆ.

ಕ್ಯಾಲಿಪರಿನ ಹಿಂಬದಿಯ ಎರಡು ಬೋಲ್ಟುಗಳನ್ನು ಪಾನಾದಿಂದ ಬಿಚ್ಚಿದರೆ ಅದು ಕೈಗೆ ಬರುತ್ತದೆ. ಅದಕ್ಕೆ ಸೇರಿರುವ ರಬ್ಬರಿನ ಕೊಳವೆಯಿಂದ ಜೋತುಬೀಳಲು ಬಿಡಕೂಡದು. ಕೊಳವೆಯ ಒಳಪದರ ಹರಿದರೆ ಹೊರಗೆ ಏನೂ ಕಾಣದು. ತಂತಿಯಿಂದ ಮೇಲಿನ ಸ್ಪ್ರಿಂಗಿಗೆ ಕಟ್ಟಿದರು. ಹಳೆಯ ಪ್ಯಾಡುಗಳನ್ನು ತೆಗೆದ ಮೇಲೆ ಒಳಗೆ ಕಪ್ಪು ಧೂಳು ತುಂಬಿತ್ತು. ಇದನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬಾರದು. ಹಿಂದಿನ ಕಾಲದ ಪ್ಯಾಡುಗಳಲ್ಲಿ ಕಲ್ನಾರನ್ನು ಸೇರಿಸುತ್ತಿದ್ದರು. ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷಗಳ ಮೇಲೆ ಪ್ರಾಣಾಂತಕವಾದ ರೋಗಗಳು ಬರುವುವು. ಈಗಿನ ಪ್ಯಾಡಿನಲ್ಲಿ ಕಲ್ನಾರಿಲ್ಲವೆಂದು ಬರೆದಿದ್ದರೂ, ಬಿಚ್ಚಿದ್ದು ಯಾವ ಕಾಲದ್ದೋ ಯಾರು ಬಲ್ಲರು? ಮೂಗಿಗೆ ಮುಖಕವಚ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೇ ಎಸೆದರು. ಮಕ್ಕಳನ್ನು ದೂರ ಕಳುಹಿಸಿದ್ದೂ ಇದಕ್ಕಾಗಿಯೇ.

ಡಿಸ್ಕನ್ನು ತೆಗೆಯುವುದರಲ್ಲಿಯೇ ಹೆಚ್ಚು ಹೊತ್ತು ಹೋಯಿತು. ಕ್ಯಾಲಿಪರಿನ ಬ್ರಾಕೆಟ್ಟಿನ ದೊಡ್ಡ ಬೋಲ್ಟುಗಳು ಬಿಗಿಯಾಗಿದ್ದವು. ಅವು ಬಂದ ಮೇಲೂ ತಟ್ಟೆಯು ತುಕ್ಕಿನಿಂದ ಅಂಟಿಕೊಂಡು ಕದಲಲಿಲ್ಲ. ಹುಡುಗ ಸುತ್ತಿಗೆ ಎತ್ತಿಕೊಂಡ. “ತಡಿಯಪ್ಪಾ, ಅದರಾಗೆ ಎರಡು ಮರೆಯ ತೂತು ಅದಾವೆ ನೋಡು” ಎಂದು ಮೇಸ್ತ್ರಿ ಕುರ್ಚಿಯಿಂದಲೇ ಕೂಗಿದ. ಮರೆ ಕೊರೆದ ಆ ತೂತುಗಳಿಗೆ ತಕ್ಕ ಬೋಲ್ಟುಗಳನ್ನು ಹಾಕಿ ಒಂದೊಂದು ಸುತ್ತು ತಿರುವುತ್ತ ಬಂದರೆ ತಟ್ಟೆ ತಾನಾಗಿ ಹೊರಕ್ಕೆ ಬರುವುದು. ಎಲ್ಲ ಗಾಡಿಗಳಲ್ಲೂ ಈ ಅನುಕೂಲವಿಲ್ಲ. ಆದರೆ ಇದ್ದಾಗ ಕಾಣುವ ಕಣ್ಣು ಬೇಕು.

ಡಿಸ್ಕು ಕೂರುವ ಹಬ್ಬಿನ ಮುಖವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತುಕ್ಕನ್ನು ಪೂರ್ತಿಯಾಗಿ ತೆಗೆಯಬೇಕು. ಮೊದಲ ಸಲ ಮಾಡುವವರು ಅಲಕ್ಷಿಸುವುದು ಇದನ್ನೇ. ಅಲ್ಲಿ ಉಳಿದ ಒಂದು ಹರಳು ತುಕ್ಕು ಹೊಸ ತಟ್ಟೆಯನ್ನು ಓರೆಯಾಗಿ ಕೂರಿಸಿದರೆ, ಕೆಲವು ಸಾವಿರ ಕಿಲೋಮೀಟರುಗಳಲ್ಲಿ ಪೆಡಲು ಕಾಲಿಗೆ ನಡುಕ ಕೊಡಲಾರಂಭಿಸುವುದು. ಆಗ ಎಲ್ಲರೂ ಡಿಸ್ಕು ಮಾಡಿದವನನ್ನು ಬಯ್ಯುವರು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿ ಕಳುಹಿಸಿರುತ್ತಾರೆ. ಅದನ್ನು ಬ್ರೇಕ್ ಕ್ಲೀನರಿನಿಂದ ತೊಳೆದು, ಆಮೇಲೆ ಜಿಡ್ಡಿನ ಬೆರಳಿನಿಂದ ಮುಟ್ಟದೆ ಕೂರಿಸಬೇಕು.

ಹೊಸ ಪ್ಯಾಡು ದಪ್ಪವಾಗಿರುವುದರಿಂದ ಹೊರಕ್ಕೆ ಬಂದಿರುವ ಪಿಸ್ಟನ್ನನ್ನು ಒಳಕ್ಕೆ ತಳ್ಳಬೇಕು. ಹಳೆಯ ಪ್ಯಾಡೊಂದನ್ನು ಅದರ ಮೇಲಿಟ್ಟು ಸಿ-ಕ್ಲಾಂಪಿನಿಂದ ನಿಧಾನವಾಗಿ ಒತ್ತಿದರು. ಒಳಗಿನ ಆಯಿಲು ಹಿಂದಕ್ಕೆ ಹೋಗಿ ಡಬ್ಬಿಯಲ್ಲಿ ಉಕ್ಕುವುದಾದ ಕಾರಣ ಒಬ್ಬರು ಅಲ್ಲಿ ನಿಂತು ನೋಡುತ್ತಿರಬೇಕು. ಈ ಆಯಿಲು ಬಣ್ಣವನ್ನು ತಿನ್ನುವುದು. ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಬೇಕು. ಅದಕ್ಕೆ ಗಾಳಿಯ ತೇವವನ್ನು ಹೀರುವ ಸ್ವಭಾವವೂ ಉಂಟು. ಡಾಟ್ 4 ಎಂಬ ವರ್ಗದ ಹೊಸ ಆಯಿಲು 230 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೊದಲು ಕುದಿಯಬಾರದೆಂದು ನಿಯಮ. ತೇವವನ್ನು ಕುಡಿದದ್ದಕ್ಕೆ ಆ ಮಿತಿ 155. ಕುದಿದರೆ ಕೊಳವೆಯಲ್ಲಿ ಆವಿ ತುಂಬುವುದು. ಆವಿಯನ್ನು ಎಷ್ಟು ಒತ್ತಿದರೂ ಕುಗ್ಗುವುದೇ ಹೊರತು ಬಲವನ್ನು ಮುಂದಕ್ಕೆ ಕಳುಹಿಸದು. ಘಟ್ಟದಲ್ಲಿ ಪೆಡಲು ಇದ್ದಕ್ಕಿದ್ದಂತೆ ಸೊರಗುವುದಕ್ಕೆ ಇದೊಂದು ಕಾರಣ. ಎರಡು ವರ್ಷಕ್ಕೊಮ್ಮೆ ಆಯಿಲು ಬದಲಿಸಿರೆಂದು ಅನೇಕ ತಯಾರಕರು ಹೇಳುವುದು ಸುಮ್ಮನೆ ಅಲ್ಲ.

ಜಾರುವ ಪಿನ್ನುಗಳನ್ನು ಎಳೆದು ನೋಡಿದರೆ ಒಂದು ಸಲೀಸಾಗಿ ಬಂದಿತು. ಇನ್ನೊಂದರ ರಬ್ಬರು ಹರಿದು ಕೆಮ್ಮಣ್ಣು ಒಳಸೇರಿ ಗ್ರೀಸೆಲ್ಲ ಮೇಣದಂತಾಗಿತ್ತು. ಒರೆಸಿ, ಹೊಸ ರಬ್ಬರು ಹಾಕಿ, ಇದಕ್ಕೆಂದೇ ಸಿಕ್ಕುವ ಸಿಲಿಕೋನ್ ಗ್ರೀಸನ್ನು ಹಚ್ಚಿದರು. ಸಾಮಾನ್ಯ ಗ್ರೀಸು ರಬ್ಬರನ್ನು ಉಬ್ಬಿಸುವುದು. ಆಮೇಲೆ ಹೊಸ ಕ್ಲಿಪ್ಪು, ಹೊಸ ಪ್ಯಾಡು, ಕ್ಯಾಲಿಪರು. ಉಕ್ಕಿನ ಬೆನ್ನನ್ನು ಡಿಸ್ಕಿನ ಕಡೆಗೆ ತಿರುಗಿಸಿ ಪ್ಯಾಡು ಕಟ್ಟಿದವರೂ ಲೋಕದಲ್ಲಿದ್ದಾರಂತೆ. ಬೋಲ್ಟುಗಳನ್ನು ಎಷ್ಟು ಬಿಗಿಯಬೇಕೆಂಬುದು ಕೈಪಿಡಿಯಲ್ಲಿದೆ. ಟಾರ್ಕ್ ರೆಂಚೆಂಬ ಅಳತೆಯ ಪಾನಾವನ್ನು ಎರವಲು ತಂದಾದರೂ ಬಳಸಬೇಕು. ಸಣ್ಣ ಕಾರಿನ ಗಾಲಿಯ ನಟ್ಟುಗಳಿಗೆ ಸಾಮಾನ್ಯವಾಗಿ 80ರಿಂದ 110 ನ್ಯೂಟನ್ ಮೀಟರು. 100 ಎಂದರೆ ಅರ್ಧ ಮೀಟರು ಉದ್ದದ ಹಿಡಿಯ ತುದಿಯಲ್ಲಿ 20 ಕಿಲೋ ತೂಗಿಬಿಟ್ಟಷ್ಟು. ಹಿಡಿಯ ಮೇಲೆ ಹತ್ತಿ ನಿಲ್ಲುವುದು ಶೌರ್ಯವೇನೋ ಹೌದು, ಬಿಗಿತವಲ್ಲ. ಒಂದನ್ನು ಬಿಗಿದು ಅದರ ಎದುರಿನದನ್ನು ಬಿಗಿಯುತ್ತ ಹೋದರೆ ತಟ್ಟೆ ಸಮನಾಗಿ ಕೂರುವುದು.

ಎಲ್ಲವೂ ಮುಗಿಯಿತೆಂದು ಹುಡುಗ ಕೈ ತೊಳೆಯಲು ಹೊರಟಾಗ ಮೇಸ್ತ್ರಿ ಮೊದಲ ಸಲ ಕುರ್ಚಿಯಿಂದ ಎದ್ದ. “ಮೇಷ್ಟ್ರೇ, ಬಿಚ್ಚಿ ಕಟ್ಟಾದು ದೊಡ್ಡದಲ್ಲ. ಕಟ್ಟಿದ ಮ್ಯಾಲೆ ಪೆಡಲ್ ತುಳಿಯದೇ ಗಾಡಿ ತೆಗೆದವನ್ನ ನಾ ಕಂಡೀನಿ. ಎದುರಿಗೆ ಗೋಡೆ ಇತ್ತು, ಪುಣ್ಯ, ಜನ ಇರಲಿಲ್ಲ” ಎಂದ. ಪಿಸ್ಟನ್ನನ್ನು ಒಳಕ್ಕೆ ತಳ್ಳಿರುವುದರಿಂದ ಅದಕ್ಕೂ ಪ್ಯಾಡಿಗೂ ನಡುವೆ ಎಡೆ ಉಳಿದಿರುತ್ತದೆ. ಮೊದಲ ಸಲ ತುಳಿದಾಗ ಪೆಡಲು ಏನೂ ತಡೆಯಿಲ್ಲದೆ ನೆಲಕ್ಕೆ ಹೋಗುವುದು. ಎಂಜಿನ್ನು ಹಚ್ಚುವ ಮೊದಲೇ ಹತ್ತು ಹದಿನೈದು ಸಲ ನಿಧಾನವಾಗಿ ತುಳಿದು, ಅದು ಕಲ್ಲಿನಂತೆ ಗಟ್ಟಿಯಾದ ಮೇಲೆ ಆಯಿಲಿನ ಮಟ್ಟ ನೋಡಿ, ಅಂಗಳದಲ್ಲಿಯೇ ಮುಂದಕ್ಕೂ ಹಿಂದಕ್ಕೂ ನಡಿಗೆಯ ವೇಗದಲ್ಲಿ ಓಡಿಸಿ ನಿಲ್ಲಿಸಿ ನೋಡಬೇಕು. ತುಳಿದು ತುಳಿದೂ ಗಟ್ಟಿಯಾಗದಿದ್ದರೆ ಗಾಳಿ ಸೇರಿದೆ ಅಥವಾ ಸೋರುತ್ತಿದೆ. ಗಾಡಿ ಅಂಗಳ ಬಿಟ್ಟು ಹೋಗಕೂಡದು, ಬಲ್ಲವನೇ ಮನೆಗೆ ಬರಬೇಕು.

ಗೃಹಸ್ಥನು ಮುಟ್ಟಲೇಬಾರದ ಸಂದರ್ಭಗಳೂ ಉಂಟು. ಆಯಿಲಿನ ಕೊಳವೆ ಬಿಚ್ಚಬೇಕಾಗಿ ಬಂದಾಗ, ಪಿಸ್ಟನ್ನು ಒಳಕ್ಕೆ ಹೋಗದೆ ಹಟಹಿಡಿದಾಗ, ಅದರ ರಬ್ಬರು ಹರಿದು ತೇವ ಕಂಡಾಗ ಅಲ್ಲಿಗೇ ನಿಲ್ಲಿಸಬೇಕು. ಗುಂಡಿಯೊತ್ತಿದರೆ ವಿದ್ಯುತ್ತಿನಿಂದ ಕೈಬ್ರೇಕು ಬೀಳುವ ಹೊಸ ಗಾಡಿಗಳ ಹಿಂದಿನ ಗಾಲಿಗಳಿಗೆ ಗಣಕಯಂತ್ರದ ಅಪ್ಪಣೆಯಿಲ್ಲದೆ ಕೈ ಹಾಕಿದರೆ ಬೆರಳೂ ಹೋಗುವುದು, ಯಂತ್ರವೂ ಹೋಗುವುದು. ಹಿಂದಿನ ಗಾಲಿಯ ಕೆಲವು ಪಿಸ್ಟನ್ನುಗಳನ್ನು ತಿರುಗಿಸುತ್ತ ಒಳಕ್ಕೆ ಕಳುಹಿಸಬೇಕಾಗುವುದು, ಒತ್ತಿದರೆ ಮುರಿಯುವುವು. ಬಾಡಿಗೆಗೆ ಓಡುವ, ಶಾಲೆಯ ಮಕ್ಕಳನ್ನು ಹೊರುವ ಗಾಡಿಗಳಲ್ಲಿಯಂತೂ ಈ ಪ್ರಯೋಗ ಬೇಡ. ಅಲ್ಲಿ ಕೂರುವವರು ನಮ್ಮ ಹವ್ಯಾಸಕ್ಕೆ ಒಪ್ಪಿಗೆ ಕೊಟ್ಟವರಲ್ಲ.

ಹೊಸ ಪ್ಯಾಡೂ ಹೊಸ ಡಿಸ್ಕೂ ಒಂದಕ್ಕೊಂದು ಪರಿಚಯವಾಗುವವರೆಗೆ ಪೂರ್ಣ ಬಲ ಬಾರದು. ಮರುದಿನ ನಸುಕಿನಲ್ಲಿ ಜನರಿಲ್ಲದ ನೇರ ರಸ್ತೆಯಲ್ಲಿ, ಗಂಟೆಗೆ 60 ಕಿಲೋಮೀಟರಿನಿಂದ 20ಕ್ಕೆ ಮೆಲ್ಲನೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಓಡಿಸಿ ಗಾಳಿಗೆ ತಣಿಯಲು ಬಿಡುವುದು, ಹೀಗೆ ಎಂಟು ಹತ್ತು ಸಲ ಮಾಡಿದರು. ಇದರಿಂದ ಪ್ಯಾಡಿನ ಪದಾರ್ಥವು ತಟ್ಟೆಯ ಮೇಲೆ ತೆಳುವಾಗಿ, ಸಮನಾಗಿ ಹತ್ತಿಕೊಳ್ಳುವುದು. ಕಾದಿರುವಾಗ ಒಂದೇ ಕಡೆ ಒತ್ತಿ ಹಿಡಿದು ನಿಂತರೆ ಅಲ್ಲಿ ಮಚ್ಚೆ ಬೀಳುತ್ತದೆ. ಮುಂದಿನ ಇನ್ನೂರು ಮುನ್ನೂರು ಕಿಲೋಮೀಟರು ಗಕ್ಕನೆ ತುಳಿಯುವ ಪ್ರಸಂಗ ಬರದಂತೆ, ಮುಂದಿನ ಗಾಡಿಯಿಂದ ಹೆಚ್ಚು ದೂರವಿಟ್ಟು ಓಡಿಸಬೇಕು.

ನೂರು ಕಿಲೋಮೀಟರು ಓಡಿದ ಮೇಲೆ ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಅಳೆದು ನೋಡಿದರು. ಒಂದು ಎಳ್ಳಷ್ಟು ಸಡಿಲಿತ್ತು. ಓಡಿದ ದೂರವನ್ನೂ ದಿನಾಂಕವನ್ನೂ, ನಾಲ್ಕು ಹಳೆಯ ಪ್ಯಾಡುಗಳ ದಪ್ಪವನ್ನೂ ನಾನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಹಳೆಯ ಡಿಸ್ಕುಗಳಲ್ಲಿ ಒಂದನ್ನು ಗುಜರಿಯವನು ತೂಕಕ್ಕೆ ಕೊಂಡ. ಇನ್ನೊಂದು ಹಿತ್ತಲಲ್ಲಿ ನೀರಿನ ಡ್ರಮ್ಮಿನ ಮುಚ್ಚಳ ಗಾಳಿಗೆ ಹಾರದಂತೆ ಅದರ ಮೇಲೆ ಕುಳಿತಿದೆ.